ಸುರಪುರದ ಮಹಾದೇವ ಬಾಬಾ

ಯಾದಗಿರಿಯಿಂದ ಬಸ್ ಹತ್ತಿ, ಭೀಮಾ ನದಿ ದಾಟಿ ಶಹಾಪುರಕ್ಕೆ ಬಂದ್ರೆ, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ ಸಿಗುತ್ತೆ. ಎಲ್ಲರೂ ಅಲ್ಲೇ ಮೊಬೈಲ್ ತೆಗೀತಾರೆ. ಅದೇ ದಾರೀಲಿ ಇನ್ನೂ ಮುಂದೆ ಹೋದ್ರೆ ಸುರಪುರ. ಸುತ್ತ ಬಂಡೆಗುಡ್ಡ, ನಡುವೆ ಊರು. ಅಲ್ಲಿನ ಒಂದು ಗುಡ್ಡದ ಮೇಲೆ ಟೇಲರ್ ಮಂಜಿಲ್ ಅನ್ನೋ ಹಳೇ ಬಂಗಲೆ ಇದೆ. ನಮ್ಮ ಹಾಸ್ಟೆಲ್ಲಿನ ಸುರಪುರ ಕಡೆಯ ಹುಡುಗರಿಗೆ ಆ ಬಂಗಲೆ ಚೆನ್ನಾಗಿ ಗೊತ್ತು. ಆದರೆ ಟೇಲರ್ ಯಾರು ಅಂತ ಕೇಳಿದ್ರೆ, ಯಾರೋ ಬ್ರಿಟಿಷ್ ಆಫೀಸರ್ ಅಂತ ಹೇಳಿ ಸುಮ್ಮನಾಗ್ತಾರೆ. ನಮಗೂ ಅಷ್ಟೇ ಗೊತ್ತಿತ್ತು. ಸಂಘದ ಈ ಸಂಚಿಕೆಗೆ ನಮ್ಮ ಭಾಗದ ಒಬ್ಬರ ಬದುಕು ಬರೆಯೋಣ ಅಂತ ಹುಡುಕುತ್ತಾ ಹೋದಾಗ, ಈ ಮನುಷ್ಯ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡವರಾಗಿಯೂ ತೊಡಕಿನವರಾಗಿಯೂ ಕಂಡರು.

ಕ್ರೈಸ್ತ ನಂಬಿಕೆ, ಸೇವೆ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ಮಿಷನ್‌ನವರು, ಅವರ ಶಾಲೆಗಳು, ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ. ಟೇಲರ್ ಆ ಸಾಲಿಗೆ ಸೇರಿದವರಲ್ಲ. ಅವರು ಪಾದ್ರಿಯಲ್ಲ, ಧರ್ಮಪ್ರಚಾರಕ್ಕೆ ಬಂದವರೂ ಅಲ್ಲ. ಪಗಾರಕ್ಕೆ ದುಡಿದ ಸರ್ಕಾರಿ ಅಧಿಕಾರಿ. ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ ದುಃಖ ಬಂದಾಗ, ಗಂಡಾಂತರ ತಪ್ಪಿದಾಗ ದೇವರನ್ನು ನೆನೆಯುತ್ತಾರೆ, ಅದೂ ಒಂದೆರಡು ಮಾತಿನಲ್ಲಿ. ಹಾಗಿದ್ದೂ ಸುರಪುರದ ಜನ ಅವರನ್ನು ಮಹಾದೇವ ಬಾಬಾ ಅಂತ ಕರೆದರು. ಅವರ ಹೆಸರಿನ ಮೆಡೋಸ್ ಅನ್ನೋದೇ ಜನರ ಬಾಯಲ್ಲಿ ಮಹಾದೇವ ಆಗಿರಬೇಕು ಅಂತ ನಮ್ಮ ಊಹೆ. ಆದರೆ ಬಾಬಾ ಅನ್ನೋದು ಉಚ್ಚಾರದ ತಪ್ಪಿನಿಂದ ಬರೋ ಮಾತಲ್ಲ.

ಪೂರ್ತಿ ಹೆಸರು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ಪೂರ್ವಜರಲ್ಲಿ ನಾರಿಚ್ ಊರಿನ ಜಾನ್ ಟೇಲರ್ ಅನ್ನೋ ಪಾದ್ರಿ ಇದ್ದರು. ಹೀಬ್ರೂ ಭಾಷೆಯ ದೊಡ್ಡ ವಿದ್ವಾಂಸರು, ರಾಜಮಾನ್ಯ ಚರ್ಚಿನಿಂದ ಹೊರಗೆ ನಿಂತು ತಮ್ಮ ಬುದ್ಧಿಗೆ ಸರಿ ಕಂಡದ್ದನ್ನೇ ಬೋಧಿಸಿದವರು. ಹೀಗೆ ಮನೆತನದಲ್ಲಿ ಓದಿನ ಹಿನ್ನೆಲೆ ಇತ್ತು, ಆದರೆ ಹುಡುಗನಿಗೆ ಓದು ಮುಂದುವರಿಸುವ ಯೋಗ ಇರಲಿಲ್ಲ. ಹದಿನೈದನೇ ವಯಸ್ಸಿಗೆ, ಅಂದ್ರೆ ನಾವು ಎಸ್ಸೆಸ್ಸೆಲ್ಸಿ ಬರೆಯೋ ವಯಸ್ಸಿಗೆ, ಬೊಂಬಾಯಿಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಲು ಹಡಗು ಹತ್ತಿಸಿದರು. ಮುಂದೆ ಪಾಲುದಾರನಾಗುವ ಆಸೆ ಬೇರೆ. ಬಂದು ನೋಡಿದ್ರೆ ಆ ವ್ಯಾಪಾರಿಯೇ ದಿವಾಳಿಯ ಅಂಚಿನಲ್ಲಿದ್ದ. ತಾಯಿಯ ಕಡೆಯ ಬಂಧು ಒಬ್ಬರು ಬೊಂಬಾಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರ ಮಾತಿನ ಮೇಲೆ 1824ರಲ್ಲಿ ಹೈದರಾಬಾದ್ ನಿಜಾಮರ ಪಡೆಯಲ್ಲಿ ಕೆಲಸ ಸಿಕ್ಕಿತು.

ಇದು ಗಮನಿಸಬೇಕಾದ ವಿಷಯ. ಟೇಲರ್ ಕಂಪನಿ ಸರ್ಕಾರದ ಖಾಯಂ ಸಿವಿಲಿಯನ್ ಅಲ್ಲ. ಪರೀಕ್ಷೆ, ಕಾಲೇಜು, ಶಿಫಾರಸು ಇದ್ದ ದೊಡ್ಡಮನೆ ಹುಡುಗರ ಸಾಲು ಬೇರೆ, ಇವರ ಸಾಲು ಬೇರೆ. ಇವರಿಗೆ ಡಿಗ್ರಿಯಿಲ್ಲ. ಭಾಷೆ ಕಲಿತರು, ಕಾನೂನು ಓದಿಕೊಂಡರು, ಭೂಮಾಪನ, ಎಂಜಿನಿಯರಿಂಗ್, ಭೂವಿಜ್ಞಾನ ಎಲ್ಲ ಕೈಗೆ ಬಂದ ಕೆಲಸದ ಜೊತೆಜೊತೆಗೇ ಕಲಿತರು. ನ್ಯಾಯಾಧೀಶ, ಎಂಜಿನಿಯರ್, ಚಿತ್ರಗಾರ, ಬರಹಗಾರ ಎಲ್ಲ ಒಬ್ಬರೇ. ನಮ್ಮ ಬ್ಯಾಕ್‌ಲಾಗ್ ಸಂಕಟದ ನಡುವೆ ಇದನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಇಪ್ಪತ್ತು ದಾಟುವ ಮೊದಲೇ ಅವರಿಗೆ ನೈಋತ್ಯ ಭಾಗದ ಪೊಲೀಸ್ ಮೇಲ್ವಿಚಾರಣೆ ಸಿಕ್ಕಿತ್ತು. ಆ ಕಾಲದ ಒಂದು ಪ್ರಸಂಗ ನಮಗೆಲ್ಲ ತುಂಬಾ ಹಿಡಿಸಿತು. ತುಳಜಾಪುರದಲ್ಲಿ ಅಂಬಾಭವಾನಿಯ ದರ್ಶನಕ್ಕೆ ಬಂದ ಯಾತ್ರಿಕರು ಗುಂಪುಗುಂಪಾಗಿ ಬಂದು ದೂರು ಕೊಟ್ಟರು, ಅಂಗಡಿಯವರು ಮಾರುವ ಹಿಟ್ಟಿನಲ್ಲಿ ಮರಳು ಬೆರೆಸಿದ್ದಾರೆ ಅಂತ. ಟೇಲರ್ ವಿಚಾರಣೆ, ಸಾಕ್ಷಿ, ಕಾಗದಪತ್ರ ಅಂತ ಕೂರಲಿಲ್ಲ. ಹಿಟ್ಟಿನ ಅಂಗಡಿಯವರನ್ನೆಲ್ಲ ಕರೆಸಿ ಸಾಲಾಗಿ ಕೂರಿಸಿದರು. ಅವರವರ ಹಿಟ್ಟನ್ನು ಅವರವರೇ ತೂಗಿ ಮುಂದಿಟ್ಟುಕೊಳ್ಳಲು ಹೇಳಿದರು. ಆಮೇಲೆ, ಈಗ ತಿನ್ನಿ ಅಂದರು. ಸುತ್ತ ಯಾತ್ರಿಕರ ನಗು. ಎರಡು ಮುಕ್ಕು ತಿನ್ನುವಷ್ಟರಲ್ಲಿ ಅಂಗಡಿಯವರು ಕೈಮುಗಿದು ಬಿಡಿಸಿಕೊಳ್ಳಲು ಬೇಡಿಕೊಂಡರಂತೆ. ನಾವು ಇಲ್ಲಿ ಮೆಚ್ಚಿದ್ದು ಶಿಕ್ಷೆಯ ಜಾಣತನಕ್ಕಿಂತ ಅದರ ಹಿಂದಿನ ಲೆಕ್ಕವನ್ನು. ನೀನು ಬೇರೆಯವರಿಗೆ ಕೊಡೋದನ್ನು ನೀನು ತಿನ್ನಬಲ್ಲೆಯಾ ಅನ್ನೋದು ಟೆಸ್ಟಿಂಗ್ ಲ್ಯಾಬಿನ ಪ್ರಶ್ನೆಯೂ ಹೌದು, ತನ್ನಂತೆಯೇ ನೆರೆಯವನನ್ನು ಕಾಣಬೇಕು ಅನ್ನೋ ಅವರ ಧರ್ಮದ ಮೊದಲ ಪಾಠವೂ ಹೌದು.

ದಾರಿಹೋಕರನ್ನು ಕೊಲ್ಲುತ್ತಿದ್ದ ಠಗ್ಗರ ಜಾಡನ್ನು ಅವರು ಅದೇ ದಿನಗಳಲ್ಲಿ ಹಿಡಿದಿದ್ದರು. ತನಿಖೆ ನಡುವಿರುವಾಗಲೇ ಮತ್ತೆ ಪಡೆಗೆ ಹೋಗಲು ಆಜ್ಞೆ ಬಂತು. ಠಗ್ಗರ ಜಾಲ ಬಯಲಿಗೆಳೆದ ಹೆಸರು ಸ್ಲೀಮನ್ ಅನ್ನೋ ಅಧಿಕಾರಿಗೆ ಹೋಯಿತು. ಈ ನೋವು ಟೇಲರ್‌ಗೆ ಕೊನೆತನಕ ಇತ್ತು, ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಆ ಅನುಭವದಿಂದ 1839ರಲ್ಲಿ ಅವರು ಬರೆದ ಕಾದಂಬರಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿದೆ. ಅದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಮರುವರ್ಷ ಟಿಪ್ಪು ಸುಲ್ತಾನನ ಮೇಲೆ ಇನ್ನೊಂದು ಕಾದಂಬರಿ ಬಂತು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದಿಂದ ಬರೆಯುವ ಕೆಲಸವೂ ಸಿಕ್ಕಿತು, 1853ರವರೆಗೆ ಅದು ನಡೆಯಿತು.

ಮದುವೆಯಾದದ್ದು ಹೈದರಾಬಾದಿನ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು. ಈ ಪಾಮರ್ ನಿಜಾಮರಿಗೆ ಸಾಲ ಕೊಡುತ್ತಿದ್ದ, ಆಮೇಲೆ ಮುಳುಗಿದ ದೊಡ್ಡ ಬ್ಯಾಂಕಿನ ಯಜಮಾನ. ಪಾಮರ್‌ರ ತಾಯಿ ಫೈಜ್ ಬಕ್ಷ್ ಬೇಗಂ. ಹಾಗಾಗಿ ಟೇಲರ್ ಮನೆಯಲ್ಲಿ ಹಿಂದುಸ್ತಾನ ಹೊರಗಿನಿಂದ ಬಂದದ್ದಲ್ಲ, ಹೆಂಡತಿಯ ಅಜ್ಜಿಯ ರೂಪದಲ್ಲಿ ಒಳಗೇ ಇತ್ತು.

ಈಗ ಸುರಪುರಕ್ಕೆ ಬರೋಣ.

ಸುರಪುರದ ನಾಯಕರು ಅಂದ್ರೆ ಸಾಮಾನ್ಯರಲ್ಲ. ಔರಂಗಜೇಬ ತನ್ನ ಮುಪ್ಪಿನಲ್ಲಿ, 1705ರಲ್ಲಿ, ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಣಗೇರಿ ಕೋಟೆ ಇವರದೇ. ಅಂಥ ಮನೆತನ 1840ರ ಹೊತ್ತಿಗೆ ಸಾಲದಲ್ಲಿ, ಒಳಜಗಳದಲ್ಲಿ ಸಿಕ್ಕಿಕೊಂಡಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ. ಅಧಿಕಾರ ನಡೆಸಬೇಕಾದ್ದು ಯಾರು? ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಮನೆತನದ ಪಿಡ್ಡನಾಯಕರು. ಹೈದರಾಬಾದಿಗೆ ಕೊಡಬೇಕಾದ ಬಾಕಿ ಬೆಳೆದಿತ್ತು. ಗುಡ್ಡಗಳ ಮೇಲೆ ಬೇಡರ ಪಡೆ ಕಾದು ಕೂತಿತ್ತು. ಇಲ್ಲಿಗೆ ಬ್ರಿಟಿಷ್ ರೆಸಿಡೆಂಟರ ಪರವಾಗಿ ಬಂದವರು ಟೇಲರ್, ವಯಸ್ಸು 33 ಆಸುಪಾಸು. ಜೊತೆಗೆ ಇಂಗ್ಲಿಷರು ಅಂತ ಸಹಾಯಕ್ಕೆ ಯಾರೂ ಇರಲಿಲ್ಲ.

ಅವರು ಮೊದಲು ಮಾಡಿದ ಕೆಲಸ ಬೇಡರ ಜೊತೆ ಕೂತು ಮಾತಾಡಿದ್ದು. ಆ ಕಾಲದ ಸರ್ಕಾರಿ ಕಾಗದಗಳಲ್ಲಿ ಬೇಡರು ಅಂದ್ರೆ ಕಳ್ಳರು, ದರೋಡೆಕೋರರು ಅನ್ನೋದೇ ಭಾಷೆ. ಟೇಲರ್ ಅವರನ್ನು ಮಾತು ಕೊಟ್ಟರೆ ನಡೆಸುವ ಜನ ಅಂತ ನಂಬಿದರು. ತಾವು ಕೊಟ್ಟ ಮಾತನ್ನೂ ಉಳಿಸಿಕೊಂಡರು. ಇದನ್ನು ಬರೆಯುವುದು ಸುಲಭ. ಆದರೆ ಗುಡ್ಡದ ಮೇಲಿನ ಒಂದು ಗುಂಪು ಮನಸ್ಸು ಮಾಡಿದರೆ ರಾತ್ರಿಯೇ ಮುಗಿಸಬಹುದಾದ ಜಾಗದಲ್ಲಿ ದೊಡ್ಡ ಪಡೆಯ ಕಾವಲಿಲ್ಲದೆ ಮಲಗೋದು ಹೇಗಿರುತ್ತೆ ಅಂತ ಒಮ್ಮೆ ಯೋಚಿಸಿ. ಶರಣಾಗುವುದು ಅಂದ್ರೆ ನಾವು ಬಸವಣ್ಣನವರ ನಾಡಿನವರಿಗೆ ಹೊಸ ಮಾತಲ್ಲ. ತನ್ನನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಡೋದು. ಟೇಲರ್ ದೇವರಿಗೆ ಒಪ್ಪಿಸಿಕೊಂಡದ್ದು ಅವರ ಒಳಗಿನ ವಿಷಯ. ಹೊರಗೆ ಕಂಡದ್ದು ಅವರು ಜನರ ಕೈಗೆ ಒಪ್ಪಿಸಿಕೊಂಡ ರೀತಿ.

1844ರಲ್ಲಿ ಮೇರಿ ತೀರಿಕೊಂಡರು. ಹೆಣ್ಣುಮಕ್ಕಳು ದೂರದಲ್ಲಿ ಬೆಳೆಯಬೇಕಾಯಿತು. ಟೇಲರ್ ಮತ್ತೆ ಮದುವೆಯಾಗಲಿಲ್ಲ. ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡು ಒಬ್ಬರೇ ಇದ್ದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ಹೊಸ ಹುಲ್ಲುಗಾವಲು. ಮೆಡೋಸ್ ಅಂದ್ರೂ ಹುಲ್ಲುಗಾವಲೇ ತಾನೇ, ತಮ್ಮ ಹೆಸರಿನ ಮೇಲೆ ತಾವೇ ಮಾಡಿಕೊಂಡ ತಮಾಷೆ. ಹುಲ್ಲಿಗಿಂತ ಬಂಡೆಯೇ ಹೆಚ್ಚಿರುವ ಆ ಗುಡ್ಡದ ಮೇಲೆ ನಿಂತವರಿಗೆ ತಮಾಷೆ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಜನ ಆ ಹೆಸರನ್ನು ಮರೆತು ಟೇಲರ್ ಮಂಜಿಲ್ ಮಾಡಿದರು.

ಹನ್ನೊಂದು ವರ್ಷ ಅವರು ಇಲ್ಲಿದ್ದರು. ಕಂದಾಯ ಎಷ್ಟು, ಖರ್ಚು ಎಷ್ಟು, ಯಾರಿಗೆ ಎಷ್ಟು ಬಾಕಿ ಅನ್ನೋ ಲೆಕ್ಕ ಒಂದು ದಾರಿಗೆ ಬಂತು. ರಸ್ತೆ, ಕೆರೆ ಕೆಲಸ ನಡೆಯಿತು. ಸುರಪುರದ ಹತ್ತಿರ ಬೋನಾಳ ಕೆರೆ ಇದೆಯಲ್ಲ, ಚಳಿಗಾಲದಲ್ಲಿ ಹಕ್ಕಿ ನೋಡೋಕೆ ಹೋಗ್ತೀವಲ್ಲ, ಅದು ನಾಯಕರ ಕಾಲದ ಕೆರೆ. ಅದನ್ನು ದೊಡ್ಡದು ಮಾಡಿಸಿದವರು ಟೇಲರ್. ಸಿವಿಲ್ ವಿಭಾಗದ ಗೆಳೆಯರು ಅಲ್ಲಿಗೆ ಹೋದಾಗ ಹಕ್ಕಿಯ ಜೊತೆ ಒಡ್ಡನ್ನೂ ಒಮ್ಮೆ ನೋಡಿ ಬರಬೇಕು. ಸರ್ವೆಗೆ ಜೀಪಿಲ್ಲ, ಟೋಟಲ್ ಸ್ಟೇಷನ್ ಇಲ್ಲ, ಮಣ್ಣು ಪರೀಕ್ಷೆಯ ವರದಿ ಇಲ್ಲ. ಎಂಜಿನಿಯರಿಂಗ್ ತಾವಾಗಿ ಕಲಿತ ಒಬ್ಬ ಕ್ಯಾಪ್ಟನ್, ಮಣ್ಣು ಹೊರುವ ಊರ ಜನ, ಅಷ್ಟೇ. ಮಳೆ ಕೈಕೊಡುವ ಈ ಸೀಮೆಯಲ್ಲಿ ನೀರು ನಿಲ್ಲಿಸುವುದಕ್ಕಿಂತ ದೊಡ್ಡ ಸೇವೆ ನಮಗೆ ಬೇರೆ ತೋಚಲಿಲ್ಲ. ಮುಂದೆ ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಬಂದು ಕಾಲುವೆ ಹರಿಯೋದಕ್ಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಿತ್ತು.

ಬಿಡುವಿನ ವೇಳೆಯಲ್ಲಿ ಟೇಲರ್ ಮಾಡಿದ ಒಂದು ಕೆಲಸವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಸುರಪುರ ತಾಲೂಕಿನ ಸುತ್ತ ರಾಜನಕೋಳೂರು, ಹಗರಟಗಿ ಅನ್ನೋ ಊರುಗಳ ಬಳಿ ದೊಡ್ಡ ಕಲ್ಲು ಚಪ್ಪಡಿಗಳ ಗೋರಿಗಳಿವೆ. ನಮ್ಮ ಕಡೆ ಮೋರ್ಯರ ಮನೆ ಅಂತಾರೆ. ಕುಳ್ಳರು ಕಟ್ಟಿದ ಮನೆಗಳು ಅನ್ನೋ ನಂಬಿಕೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಯಲ ತುಂಬ ಕಲ್ಲುಗುಂಡುಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಬಸ್ಸಿನಲ್ಲಿ ಹೋಗುವಾಗ ಹೊಲದ ಕಲ್ಲು ಅಂದುಕೊಂಡು ನಾವು ಎಷ್ಟೋ ಸಲ ದಾಟಿದ್ದೇವೆ. ಇವೆಲ್ಲ ಕಬ್ಬಿಣದ ಕಾಲದ ಆಸುಪಾಸಿನ, ಬೃಹತ್ ಶಿಲಾಯುಗದ ಜನರ ಗುರುತು. ಟೇಲರ್ ಇವನ್ನು ಹುಡುಕಿದರು, ಅಳೆದರು. ಜೇವರ್ಗಿಯ ಬಳಿ ಕೆಲವನ್ನು ಅಗೆದು ನೋಡಿದರು. ಆಗಿನ ಸಾಹೇಬರು ಇಂಥದ್ದನ್ನು ಅಗೆಯುತ್ತಿದ್ದದ್ದು ಮಡಕೆ, ಮಣಿ, ಕತ್ತಿ ಸಿಕ್ಕರೆ ಗೋಡೆಗೆ ತೂಗಿಹಾಕೋಕೆ. ಇವರು ಮಾಡಿದ್ದು ಬೇರೆ. ಅಗೆದ ಗುಂಡಿಯ ಸೆಕ್ಷನ್ ಬರೆದರು. ಯಾವ ಆಳದಲ್ಲಿ ಯಾವ ಮಣ್ಣು, ಎಲ್ಲಿ ಕಲ್ಲು, ಎಲ್ಲಿ ಎಲುಬು, ಎಲ್ಲಿ ಮಡಕೆ, ಇದ್ದದ್ದು ಇದ್ದ ಹಾಗೆ. ಇಪ್ಪತ್ತನೇ ಶತಮಾನದಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅಂಥ ಕಟ್ಟುನಿಟ್ಟಿನ ಪುರಾತತ್ವಜ್ಞರೂ ಟೇಲರ್‌ರ ಆ ಚಿತ್ರಗಳನ್ನು ಹೊಗಳಿದ್ದಾರೆ, ತಮ್ಮ ಕಾಲಕ್ಕಿಂತ ತುಂಬ ಮುಂದಿದ್ದವು ಅಂತ.

ಮೊದಲ ಸೆಮಿಸ್ಟರಿನಲ್ಲಿ ಡ್ರಾಯಿಂಗ್ ಶೀಟ್ ಪಕ್ಕದವನದ್ದು ನೋಡಿ ಇಳಿಸಿದ ನಮಗೆ ಇದು ಸ್ವಲ್ಪ ಚುಚ್ಚಿತು ಅಂತ ಒಪ್ಪಿಕೊಳ್ಳಬೇಕು. ನೋಡೋಕೆ ಯಾರೂ ಇಲ್ಲದ ಕಾಡು ಬಯಲಲ್ಲಿ, ತಿದ್ದಿ ಬರೆದ್ರೂ ಯಾರಿಗೂ ಗೊತ್ತಾಗದ ಗುಂಡಿಯ ಚಿತ್ರವನ್ನು ಇದ್ದ ಹಾಗೆ ಬರೆಯೋದು. ಪ್ರಾಮಾಣಿಕತೆ ಅಂದ್ರೆ ನಮ್ಮ ತಲೆಗೆ ಬರೋದು ಲಂಚ ಮುಟ್ಟದಿರುವುದು ಮಾತ್ರ. ಟೇಲರ್ ಬದುಕಿನಲ್ಲಿ ಅದು ತಕ್ಕಡಿಯಲ್ಲೂ ಇತ್ತು, ಖಜಾನೆಯಲ್ಲೂ ಇತ್ತು, ಡ್ರಾಯಿಂಗ್ ಶೀಟಿನಲ್ಲೂ ಇತ್ತು.

ಇನ್ನು ಹುಡುಗ. ತಂದೆಯಿಲ್ಲದ ವೆಂಕಟಪ್ಪ ನಾಯಕ ಟೇಲರ್ ಕಣ್ಣೆದುರಿಗೇ ಬೆಳೆದ. ಓದಿಗೆ ಏರ್ಪಾಡಾಯಿತು, ರಾಜ್ಯದ ಲೆಕ್ಕ ಕಲಿಸಲು ನೋಡಿದರು. ಹುಡುಗ ಟೇಲರ್‌ರನ್ನು ಅಪ್ಪಾ ಅಂತ ಕರೆಯುತ್ತಿದ್ದ. ನಮ್ಮ ಕನ್ನಡದ ಅಪ್ಪಾ. ತನ್ನ ಹೆಣ್ಣುಮಕ್ಕಳು ಸಮುದ್ರದಾಚೆ ಇರುವಾಗ, ಇಲ್ಲಿ ಇನ್ಯಾರದೋ ಮಗನಿಂದ ಆ ಮಾತು ಕೇಳೋದು ಹೇಗಿದ್ದಿರಬೇಕು!

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಥೆಯಲ್ಲಿ ರಾಣಿ ಈಶ್ವರಮ್ಮನವರ ಬಗ್ಗೆ ಟೇಲರ್ ತುಂಬ ಕಟುವಾಗಿ ಬರೆದಿದ್ದಾರೆ. ಅವರ ನಡತೆ, ಅವರ ಹಟ, ಮಗನನ್ನು ಕೆಡಿಸಿದರು ಅನ್ನೋ ಆಪಾದನೆ, ಎಲ್ಲ. ಟೇಲರ್ ಸುಳ್ಳುಗಾರರಲ್ಲ ಅಂತ ನಾವೂ ನಂಬುತ್ತೇವೆ. ಆದರೆ ಗಂಡ ಸತ್ತ, ಮಗನನ್ನೂ ಗದ್ದುಗೆಯನ್ನೂ ಪರದೇಶದ ಅಧಿಕಾರಿಯೊಬ್ಬನ ಉಸ್ತುವಾರಿಗೆ ಬಿಟ್ಟುಕೊಡಬೇಕಾಗಿ ಬಂದ ಹೆಣ್ಣುಮಗಳ ಕಡೆಯಿಂದ ಬರೆದ ಪುಸ್ತಕ ನಮ್ಮ ಕೈಯಲ್ಲಿಲ್ಲ. ಒಳ್ಳೆಯವರು ಬರೆದ ದಾಖಲೆಯೂ ಒಬ್ಬರ ದಾಖಲೆಯೇ. ಟೇಲರ್‌ರನ್ನು ಮೆಚ್ಚುವಾಗ ಇದನ್ನು ಮರೆಯಬಾರದು ಅನ್ನಿಸಿತು.

1853ರಲ್ಲಿ ರಾಜರು ಪ್ರಾಯಕ್ಕೆ ಬಂದರು. ಕರಾರಿನಂತೆ ರಾಜ್ಯವನ್ನು ಅವರ ಕೈಗೆ ಒಪ್ಪಿಸಬೇಕು. ಟೇಲರ್‌ಗೆ ಭಯವಿತ್ತು. ಹುಡುಗನ ಸುತ್ತ ಸೇರುತ್ತಿದ್ದವರ ಮೇಲೆ ಅನುಮಾನವಿತ್ತು. ಹನ್ನೊಂದು ವರ್ಷ ಕಟ್ಟಿದ್ದು ಎರಡು ವರ್ಷದಲ್ಲಿ ಕರಗಬಹುದು ಅಂತ ಗೊತ್ತಿತ್ತು. ಇನ್ನೂ ಸ್ವಲ್ಪ ಕಾಲ ನಾನೇ ಇರ್ತೀನಿ ಅನ್ನೋಕೆ ಅಂಥ ಅಧಿಕಾರಿಗಳಿಗೆ ನೆಪ ಸಿಗೋದು ಕಷ್ಟವೇನಲ್ಲ. ಆ ಕಾಲದಲ್ಲಿ ಡಾಲ್‌ಹೌಸಿ ಒಂದೊಂದೇ ಸಂಸ್ಥಾನ ನುಂಗುತ್ತಿದ್ದದ್ದು ನಮಗೆಲ್ಲ ಪಾಠದಲ್ಲಿ ಬಂದಿದೆ. ಟೇಲರ್ ಸುಸ್ಥಿತಿಯಲ್ಲಿದ್ದ ರಾಜ್ಯವನ್ನು ರಾಜರ ಕೈಗಿಟ್ಟು, ಜನರಿಂದ ಬೀಳ್ಕೊಂಡು, ನಳದುರ್ಗಕ್ಕೆ ಹೊರಟುಹೋದರು. ನಿಜಾಮರು ಅದೇ ವರ್ಷ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಜಿಲ್ಲೆ ಅದು. ಅಲ್ಲೂ ಭೂಮಿ ಅಳತೆ, ಕಂದಾಯ, ರಸ್ತೆ, ಮೊದಲಿನಿಂದ ಶುರು.

1857 ಬಂತು. ಉತ್ತರದಲ್ಲಿ ದಂಗೆ ಎದ್ದಿತು. ಟೇಲರ್‌ರನ್ನು ಬೇರಾರಿಗೆ ಕಳಿಸಿದರು. ದೊಡ್ಡ ಸೈನ್ಯವಿಲ್ಲದೆ ಅಲ್ಲಿ ಶಾಂತಿ ಕಾಪಾಡಿದರು ಅಂತ ಸರ್ಕಾರ ಅವರನ್ನು ಹೊಗಳಿತು. ಇತ್ತ ಸುರಪುರದಲ್ಲಿ ಅವರು ಬೆಳೆಸಿದ ಹುಡುಗ, ಈಗ ಇಪ್ಪತ್ನಾಲ್ಕರ ಹತ್ತಿರದ ರಾಜಾ ವೆಂಕಟಪ್ಪ ನಾಯಕರು, ಬ್ರಿಟಿಷರ ವಿರುದ್ಧ ಜನ ಕೂಡಿಸುತ್ತಿದ್ದರು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಯುದ್ಧವಾಯಿತು. ಕ್ಯಾಪ್ಟನ್ ನ್ಯೂಬೆರಿ ಸತ್ತರು. ಬ್ರಿಟಿಷರ ಇನ್ನಷ್ಟು ಪಡೆ ಬಂತು. ರಾಜರು ಹೈದರಾಬಾದಿಗೆ ಹೋದರು. ಅಲ್ಲಿ ದಿವಾನ ಸಾಲಾರ್ ಜಂಗರ ಕಡೆಯವರು ಹಿಡಿದು ರೆಸಿಡೆಂಟರಿಗೆ ಒಪ್ಪಿಸಿದರು.

ನಾವು ಓದಿದ ಇತಿಹಾಸದಲ್ಲಿ ವೆಂಕಟಪ್ಪ ನಾಯಕರು ಕರ್ನಾಟಕದ ಸ್ವಾತಂತ್ರ್ಯ ವೀರರು. ಟೇಲರ್ ಬರಹದಲ್ಲಿ ಅವರು ಕೆಟ್ಟ ಸಲಹೆಗಾರರ ಮಾತು ಕೇಳಿ ದಾರಿ ತಪ್ಪಿದ ಮಗ. ಎರಡನ್ನೂ ಓದಿದ ಮೇಲೆ ನಮಗನ್ನಿಸಿದ್ದು, ಟೇಲರ್‌ಗೆ ಅರ್ಥವಾಗದ ಒಂದು ವಿಷಯ ಇಲ್ಲಿತ್ತು. ಎಷ್ಟೇ ಪ್ರೀತಿಯಿಂದ, ಎಷ್ಟೇ ಶುದ್ಧ ಲೆಕ್ಕದಿಂದ ನಡೆಸಿದರೂ ಅದು ಪರರ ಆಳ್ವಿಕೆಯೇ. ಹುಡುಗ ಅಪ್ಪಾ ಅಂತ ಕರೆದದ್ದು ಟೇಲರ್‌ರನ್ನು, ಕಂಪನಿ ಸರ್ಕಾರವನ್ನಲ್ಲ. ಟೇಲರ್ ಈ ಎರಡನ್ನೂ ಒಂದೇ ಅಂದುಕೊಂಡಿದ್ದರು. ಅವರ ಪ್ರಾಮಾಣಿಕತೆಗೂ ಕಾಣದ ಜಾಗ ಅದು.

ಆದರೆ ಆಮೇಲೆ ಅವರು ನಡೆದುಕೊಂಡ ರೀತಿ ನೋಡಿ. ಸಿಕಂದರಾಬಾದಿನ ಸೆರೆಮನೆಗೆ ಹೋಗಿ ರಾಜರನ್ನು ಕಂಡರು. ಸಂಕೋಲೆಯಲ್ಲಿದ್ದ ರಾಜರು ಅಪ್ಪಾ ಅಂತ ಅವರನ್ನು ತಬ್ಬಿಕೊಂಡರು. ಹಿಂದೆ ಯಾರಿದ್ದಾರೆ, ಹೆಸರು ಹೇಳಿಸಿ ಅನ್ನೋದು ರೆಸಿಡೆಂಟರ ಅಪೇಕ್ಷೆ. ಟೇಲರ್ ಕೇಳಿದರು. ರಾಜರು ಯಾರ ಹೆಸರನ್ನೂ ಹೇಳಲಿಲ್ಲ. ತಮ್ಮನ್ನು ನಂಬಿದವರಿಗೆ ದ್ರೋಹ ಮಾಡಲಾರೆ ಅಂದರು. ಪ್ರಾಣಭಿಕ್ಷೆ ಬೇಡಲೂ ಒಪ್ಪಲಿಲ್ಲ. ತಾವು ಕಳ್ಳರಲ್ಲ, ಹಾಗಾಗಿ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಅಂತ ಮಾತ್ರ ಕೇಳಿದರು. ಟೇಲರ್ ಇದಿಷ್ಟನ್ನೂ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ತಮ್ಮದೇ ಸರ್ಕಾರದ ವಿರುದ್ಧ ಎದ್ದವನ ಧೈರ್ಯ, ನಿಯತ್ತು ಎರಡನ್ನೂ ಕಡಿಮೆ ಮಾಡದೆ ಬರೆದಿದ್ದಾರೆ. ಇಂದು ವೆಂಕಟಪ್ಪ ನಾಯಕರ ಕೊನೆಯ ದಿನಗಳ ಸ್ವಾಭಿಮಾನದ ಬಗ್ಗೆ ನಾವು ಭಾಷಣ ಮಾಡುವಾಗ ಹೇಳೋ ಮಾತುಗಳಲ್ಲಿ ಎಷ್ಟೋ ಟೇಲರ್ ಉಳಿಸಿಕೊಟ್ಟವು. ಅಗೆದ ಗುಂಡಿಯ ಸೆಕ್ಷನ್ ಬರೆದ ಕೈಯೇ ಇದನ್ನೂ ಬರೆದದ್ದು.

ರಾಜರಿಗೆ ಮರಣದಂಡನೆಯಾಯಿತು. ವಯಸ್ಸು ಚಿಕ್ಕದು, ಹಚ್ಚಿಕೊಟ್ಟವರು ಬೇರೆಯವರು ಅಂತ ಟೇಲರ್ ರೆಸಿಡೆಂಟರ ಮುಂದೆ ವಾದಿಸಿದರು. ರೆಸಿಡೆಂಟರು ಶಿಕ್ಷೆಯನ್ನು ಜೀವಾವಧಿ ಗಡಿಪಾರಿಗೆ ಇಳಿಸಿದರು. ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದರಾಸಿನ ಹತ್ತಿರದ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಇಡುವುದೆಂದು ಆಜ್ಞೆ ಮಾಡಿದರು. ಸರಿಯಾಗಿ ನಡೆದುಕೊಂಡರೆ ರಾಜ್ಯ ಮತ್ತೆ ಸಿಗುವ ಆಸೆಯೂ ಇತ್ತು. ರಾಜರನ್ನು ಕರೆದೊಯ್ಯುತ್ತಿದ್ದಾಗ ದಾರಿಯ ಬೀಡಿನಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ಸತ್ತರು. ತಾವೇ ಗುಂಡು ಹಾರಿಸಿಕೊಂಡರು ಅಂತ ಸರ್ಕಾರದ ದಾಖಲೆ, ಟೇಲರ್ ಬರೆದದ್ದೂ ಹಾಗೇ. ಸುರಪುರದ ಕಡೆ ಈ ಮಾತನ್ನು ಒಪ್ಪದವರು ಇಂದಿಗೂ ಇದ್ದಾರೆ. ರಾಜರ ಜಾತಕದಲ್ಲಿ ಇಪ್ಪತ್ನಾಲ್ಕನೇ ವರ್ಷಕ್ಕೆ ಕಂಟಕವಿದೆ ಅಂತ ಆಸ್ಥಾನದ ಬ್ರಾಹ್ಮಣರೊಬ್ಬರು ಎಷ್ಟೋ ವರ್ಷ ಮೊದಲೇ ಗುಟ್ಟಾಗಿ ತಮಗೆ ಹೇಳಿದ್ದರು ಅಂತಲೂ ಟೇಲರ್ ಬರೆದಿದ್ದಾರೆ. ಅದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಮ್ಮ ಗುಂಪಿನಲ್ಲೇ ಅದರ ಮೇಲೆ ಒಂದು ಸಂಜೆ ಜಗಳ ಆಯಿತು.

ಆ ದುಃಖದ ನಡುವೆಯೇ ಟೇಲರ್‌ಗೆ ಸುರಪುರಕ್ಕೆ ಮರಳಲು ಆಜ್ಞೆ ಬಂತು. ಹೋದರು. ಅದೇ ಗುಡ್ಡ, ಅದೇ ಬಂಗಲೆ, ಹುಡುಗನಿಲ್ಲದ ಅರಮನೆ. ಯುದ್ಧ ಸೋತ, ಹೆದರಿದ ಜನ. ಆರೋಗ್ಯ ಕೆಟ್ಟಿದ್ದರೂ ಎರಡು ವರ್ಷದ ಹತ್ತಿರ ಅಲ್ಲಿ ಕೆಲಸ ಮಾಡಿದರು. ಜನರ ಹೊಟ್ಟೆಬಟ್ಟೆಯ ಲೆಕ್ಕವನ್ನು ಮತ್ತೆ ಒಂದು ದಾರಿಗೆ ತರಲು ನೋಡಿದರು. ಕೊನೆಗೆ ಸುರಪುರ ನಾಯಕರಿಗೂ ಉಳಿಯಲಿಲ್ಲ, ಬ್ರಿಟಿಷರಿಗೂ ಉಳಿಯಲಿಲ್ಲ. 1860ರ ಒಪ್ಪಂದದಲ್ಲಿ ಅದು ನಿಜಾಮರಿಗೆ ಹೋಯಿತು. ಟೇಲರ್ ಅದೇ ವರ್ಷ ದೇಶಕ್ಕೆ ಹೊರಟರು. ಮೂವತ್ತಾರು ವರ್ಷದ ಕೆಲಸ ಮುಗಿದಿತ್ತು.

ಅಲ್ಲಿ ಕೂತು ಅವರು ಬರೆದದ್ದೆಲ್ಲ ಇಲ್ಲಿನದೇ. ತಾರಾ, ರಾಲ್ಫ್ ಡಾರ್ನೆಲ್, ಸೀತಾ ಅನ್ನೋ ಕಾದಂಬರಿಗಳು, ವಿದ್ಯಾರ್ಥಿಗಳಿಗೆ ಒಂದು ಭಾರತದ ಇತಿಹಾಸ, ಬಿಜಾಪುರದ ಮತ್ತು ಧಾರವಾಡ ಸೀಮೆಯ ಕಟ್ಟಡಗಳ ಮೇಲಿನ ಗ್ರಂಥಗಳಿಗೆ ಬರಹ. ಕೊನೆಯ ಕಾದಂಬರಿ ಚಾಂದ್ ಬೀಬಿಯ ಮೇಲೆ. ಅದರಲ್ಲಿ ಬೇಡರೂ ಬರುತ್ತಾರೆ, ನಮ್ಮ ಪಕ್ಕದ ಮುದಗಲ್ಲಿನ ಕ್ರೈಸ್ತರೂ ಅವರ ಪಾದ್ರಿಯೂ ಬರುತ್ತಾರೆ. ಬಿಜಾಪುರದ ಆದಿಲ್ ಶಾಹಿಗಳ ಕಾಲದಿಂದ ಮುದಗಲ್ಲಿನಲ್ಲಿ ಕನ್ನಡ ಮಾತಾಡುವ ಕ್ರೈಸ್ತರಿದ್ದಾರೆ ಅನ್ನೋದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಟೇಲರ್ ತಮ್ಮ ಧರ್ಮದ ಬಗ್ಗೆ ನೇರವಾಗಿ ಉಪದೇಶ ಬರೆಯಲಿಲ್ಲ. ಕಥೆ ಹೇಳುವಾಗ ಮಾತ್ರ, ಆಳುವವರ ಬಲವಿಲ್ಲದೆ ಜನರ ನಡುವೆ ಬಡವರಾಗಿ ಬದುಕಿದ ಒಬ್ಬ ಪಾದ್ರಿಯನ್ನು ಪಾತ್ರವಾಗಿ ಮಾಡಿದರು. ತಾವು ಆ ರೀತಿ ಬದುಕಲಿಲ್ಲ, ಬದುಕುವ ಹುದ್ದೆಯೂ ಅವರದಲ್ಲ. ಅದಕ್ಕೇ ಆ ಪಾತ್ರ ಬಂದಿರಬಹುದೇ ಅಂತ ನಮಗೊಂದು ಗುಮಾನಿ.

1875ರಲ್ಲಿ ಸಾಲಾರ್ ಜಂಗರು ಹೈದರಾಬಾದಿಗೆ ಕರೆದರು. ಅರವತ್ತಾರು ದಾಟಿತ್ತು, ಕಣ್ಣು ಮಂಜಾಗಿತ್ತು, ಆದರೂ ಬಂದರು. ಇಲ್ಲಿ ಜ್ವರ ಹಿಡಿಯಿತು, ದೃಷ್ಟಿ ಪೂರ್ತಿ ಹೋಯಿತು. ವಾಪಸ್ ಹೋಗುವ ದಾರಿಯಲ್ಲಿ ಫ್ರಾನ್ಸಿನ ಸಮುದ್ರದ ದಂಡೆಯ ಮೆಂಟೋನ್‌ನಲ್ಲಿ 1876ರ ಮೇ 13ರಂದು ತೀರಿಕೊಂಡರು. ಬರೆದಿಟ್ಟಿದ್ದ ಆತ್ಮಕಥೆಯನ್ನು ಮಗಳು ಆಲಿಸ್ ಜೋಡಿಸಿ ಮರುವರ್ಷ ಅಚ್ಚು ಹಾಕಿಸಿದರು. ತೆರೆದು ನೋಡಿದ್ರೆ ಅದರ ದೊಡ್ಡ ಪಾಲು ಲಿವರ್‌ಪೂಲೂ ಅಲ್ಲ, ಲಂಡನ್ನೂ ಅಲ್ಲ, ಸುರಪುರ.